‘ನಿದಿಧ್ಯಾಸನ’ ಶಬ್ದದ ಅರ್ಥವಿಚಾರ

ಶ್ರವಣ, ಮನನ, ನಿದಿಧ್ಯಾಸನಗಳೆಂಬ ತ್ರಯದಲ್ಲಿ ಮೂರನೆಯದಕ್ಕೆ ‘ಧ್ಯಾನ’ವೆಂದೇ ಅರ್ಥ ಬರೆದು ಮುಂದೆ ಸಾಗುವ ಪದ್ಧತಿ ನಮ್ಮ ವೇದಾಂತವ್ಯಾಖ್ಯಾತೃಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸುವವನೇ ಅಪರಾಧಿಯಂತೆ ಉತ್ತರ ಕೊಡಬೇಕಾಗಿದೆ. ಆಧಾರವೇನೆಂದು ಕೇಳಿದರೆ ಪಂಚದಶಿಯ ಮೊದಲನೆಯ ಪ್ರಕರಣದತ್ತ ಕೈ ತೋರಿಸುತ್ತಾರೆ. ಶ್ರವಣಮನನಗಳಿಂದ ಸಂದೇಹವಳಿದ ಅರ್ಥದಲ್ಲಿ ನೆಲೆಗೊಳಿಸಿದ ಚಿತ್ತದ ಏಕತಾನತೆಯೇ ನಿದಿಧ್ಯಾಸನವೆಂಬ ಲಕ್ಷಣ ಅಲ್ಲಿರುವುದು ನಿಜ. ಸದಾನಂದನ ವೇದಾಂತಸಾರವೂ ಸಜಾತೀಯ ಪ್ರತ್ಯಯಗಳ ಪ್ರವಾಹವೆಂದು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ವಿದ್ಯಾರಣ್ಯರಲ್ಲಿ ನನಗಿರುವ ಗೌರವ ಯಾರದಕ್ಕೂ ಕಡಮೆಯಲ್ಲ. ಆದರೆ ಹದಿನಾಲ್ಕನೆಯ ಶತಮಾನದ ಪ್ರಕರಣಗ್ರಂಥವೊಂದರ ಪಾರಿಭಾಷಿಕ ಲಕ್ಷಣವನ್ನು ಅತಿಪ್ರಾಚೀನವಾದ ಬೃಹದಾರಣ್ಯಕದ ಶಬ್ದಕ್ಕೆ ನಿಘಂಟುವಿನಂತೆ ಹಚ್ಚುವುದು, ಅದೂ ಮೂಲವನ್ನು ತೆರೆದು ನೋಡುವ ಶ್ರಮವನ್ನು ವಹಿಸದೆ ಹಚ್ಚುವುದು, ಶಬ್ದದ ಇತಿಹಾಸವನ್ನು ಹುಡುಕುವವನಿಗೆ ಸಲ್ಲದು.

ಮೂಲದಲ್ಲಿರುವುದೇನು? ಮೈತ್ರೇಯೀಬ್ರಾಹ್ಮಣವು ಆ ಉಪನಿಷತ್ತಿನ ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಎರಡು ಬಾರಿ ಬಂದಿದೆ. ಆತ್ಮನನ್ನು ಕಾಣಬೇಕು, ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ ಮಾಡಬೇಕು ಎಂಬ ವಾಕ್ಯವನ್ನು ಅರಿಯದವರಿಲ್ಲ. ಅದಕ್ಕೆ ತುಸು ಮೊದಲು, ಉಪದೇಶ ಇನ್ನೂ ಆರಂಭವಾಗುವ ಮುನ್ನವೇ, ಯಾಜ್ಞವಲ್ಕ್ಯನು ಹೆಂಡತಿಯನ್ನು ಬಳಿಗೆ ಕರೆದು ಕುಳ್ಳಿರಿಸಿ, ‘ನಾನು ವಿವರಿಸುತ್ತಿರುವಾಗ ನೀನು ಹೀಗೆ ಮಾಡು’ ಎಂದು ಹೇಳುವಲ್ಲಿ ಬಳಸಿರುವ ಕ್ರಿಯಾಪದವೂ ಇದೇ ಧಾತುವಿನದು, ಇದೇ ಪ್ರತ್ಯಯದ್ದು: ‘ನಿದಿಧ್ಯಾಸಸ್ವ’. ಎರಡು ಅಧ್ಯಾಯಗಳಲ್ಲಿಯೂ ಈ ಪದ ಇದೆಯಾದ್ದರಿಂದ ಪಾಠದೋಷವೆಂದು ತಳ್ಳಿಹಾಕುವಂತಿಲ್ಲ. ಈಗ ವಿಚಾರಿಸಿ ನೋಡಬೇಕು: ನಿದಿಧ್ಯಾಸನವೆಂದರೆ ಶ್ರವಣವೂ ಮನನವೂ ಮುಗಿದ ಬಳಿಕ ಏಕಾಂತದಲ್ಲಿ ಕುಳಿತು ನಡೆಸುವ ಚಿತ್ತೈಕಾಗ್ರ್ಯವೇ ಆಗಿದ್ದರೆ, ಮೊದಲನೆಯ ಮಾತೇ ಇನ್ನೂ ಕಿವಿಗೆ ಬೀಳದಿರುವ ಮೈತ್ರೇಯಿ, ಪತಿ ಮಾತನಾಡುತ್ತಿರುವಾಗಲೇ, ಅದನ್ನು ನಡೆಸುವುದೆಂತು? ಅವನ ಮಾತಿನಿಂದ ಮನಸ್ಸನ್ನು ಹಿಂದೆಗೆದು ಕಣ್ಮುಚ್ಚಿ ಕುಳಿತಳೆನ್ನಬೇಕೆ? ಆಕೆಯೇ ನಡುವೆ ತಡೆದು, ‘ಇಲ್ಲಿ ನನ್ನನ್ನು ಮೋಹಗೊಳಿಸಿದೆ’ ಎಂದು ಆಕ್ಷೇಪಿಸುವಷ್ಟು ಎಚ್ಚರದಿಂದ ಕೇಳಿದ್ದಳೆಂಬುದನ್ನು ಮುಂದಿನ ಭಾಗವೇ ಹೇಳುತ್ತದೆ.

ಅಲ್ಲಿ ಆ ಪದ ಲೌಕಿಕವಾದ ‘ಗಮನವಿಡು’ ಎಂಬ ಅರ್ಥದಲ್ಲಿದೆ, ವಿಧಿವಾಕ್ಯದಲ್ಲಿ ಮಾತ್ರ ಶಾಸ್ತ್ರೀಯಾರ್ಥವೆಂದು ನಮ್ಮ ಪಂಡಿತರು ಸಮಾಧಾನ ಹೇಳಿಯಾರು. ಒಂದೇ ಮಾತುಕತೆಯಲ್ಲಿ, ಒಬ್ಬನ ಬಾಯಲ್ಲಿ, ಒಂದು ಉಸಿರಿನ ಅಂತರದಲ್ಲಿ ಶಬ್ದ ಅರ್ಥವನ್ನು ಬದಲಿಸಿತೆನ್ನುವುದಕ್ಕೆ ಪ್ರಮಾಣ ಬೇಕು. ಭಾಷ್ಯಕಾರರಾದರೋ ಇದಕ್ಕೆ ವಿರುದ್ಧವಾಗಿ ಎರಡೆಡೆಯೂ ಒಂದೇ ವಿವರಣೆಯನ್ನು ಕೊಟ್ಟಿದ್ದಾರೆ. ಮೊದಲನೆಯದಕ್ಕೆ, ವಾಕ್ಯಗಳನ್ನು ಅರ್ಥತಃ ನಿಶ್ಚಯದಿಂದ ಧ್ಯಾನಿಸಲು ಇಚ್ಛಿಸೆಂದೂ, ಎರಡನೆಯದಕ್ಕೆ, ನಿಶ್ಚಯದಿಂದ ಧ್ಯಾನಿಸತಕ್ಕದ್ದೆಂದೂ ಶಂಕರರು ಬರೆಯುತ್ತಾರೆ. ಧ್ಯಾನಶಬ್ದವನ್ನು ಕಂಡೊಡನೆ ಗೆದ್ದೆವೆಂದು ಹಿಗ್ಗುವವರು ಅದರ ಹಿಂದಿರುವ ‘ನಿಶ್ಚಯೇನ’ ಎಂಬ ತೃತೀಯಾಂತವನ್ನು ‘ದೃಢವಾಗಿ’ ಎಂಬ ಕ್ರಿಯಾವಿಶೇಷಣವನ್ನಾಗಿ ಮಾಡಿ ದಾಟಿಬಿಡುತ್ತಾರೆ. ನಾಲ್ಕನೆಯ ಅಧ್ಯಾಯದ ಭಾಷ್ಯವನ್ನು ಓದಿದ್ದರೆ ಅವರಿಗೆ ಈ ಧೈರ್ಯ ಬರುತ್ತಿರಲಿಲ್ಲ. ಅಲ್ಲಿ ಶ್ರುತಿಯೇ ನಿದಿಧ್ಯಾಸನದ ಸ್ಥಾನದಲ್ಲಿ ‘ವಿಜ್ಞಾತ’ವೆಂಬ ಪದವನ್ನಿಟ್ಟಿದೆ, ಶಂಕರರು ಅದನ್ನು, ‘ಇದು ಹೀಗೆಯೇ, ಬೇರೆಯಲ್ಲ’ ಎಂದು ನಿರ್ಧರಿಸಿದ್ದು ಎಂದು ವಿವರಿಸುತ್ತಾರೆ. ‘ನಿಶ್ಚಯ’ವೆಂದರೆ ಈ ನಿರ್ಧಾರವೇ ಹೊರತು ಹಠವಲ್ಲ.

ಎರಡನೆಯ ಅಧ್ಯಾಯದಲ್ಲಿಯೂ ವಿಧಿವಾಕ್ಯದ ಬೆನ್ನಿಗೆ ದರ್ಶನ, ಶ್ರವಣ, ಮತಿಗಳ ಜೊತೆಗೆ ‘ವಿಜ್ಞಾನ’ವೇ ಬಂದಿದೆ. ಸುರೇಶ್ವರರು ವಾರ್ತಿಕದಲ್ಲಿ ಈ ಬದಲಾವಣೆಯ ಕಾರಣವನ್ನೇ ಹೇಳಿಬಿಟ್ಟಿದ್ದಾರೆ: ನಿದಿಧ್ಯಾಸನವೆಂಬ ಶಬ್ದವನ್ನು ಕೇಳಿದವರಿಗೆ ಧ್ಯಾನವೆಂಬ ಶಂಕೆ ಹುಟ್ಟೀತೆಂದೇ ಶ್ರುತಿ ಅದನ್ನು ನಿವಾರಿಸಲು ವಿಜ್ಞಾನವೆಂದು ನುಡಿಯಿತಂತೆ. ಇಷ್ಟು ಸ್ಪಷ್ಟವಾದ ಎಚ್ಚರಿಕೆಯನ್ನು ಕೊಟ್ಟರೂ ಆ ಶಂಕೆಯೇ ಸಿದ್ಧಾಂತವಾಗಿ ಕುಳಿತಿರುವುದು ಸೋಜಿಗ.

ಪ್ರತಿಪಕ್ಷಕ್ಕೆ ನಿಜವಾದ ಬಲವಿರುವುದು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಆವೃತ್ತ್ಯಧಿಕರಣದಲ್ಲಿ. ಆದರೆ ಅದನ್ನು ಅವರು ಉದಾಹರಿಸುವುದು ಅಪೂರ್ವ. ಉಪಾಸನ, ನಿದಿಧ್ಯಾಸನ ಎಂಬೆರಡೂ ಆವೃತ್ತಿಯನ್ನು ಒಳಗೊಂಡ ಕ್ರಿಯೆಗಳೆಂದು ಶಂಕರರು ಅಲ್ಲಿ ಒಟ್ಟಿಗೆ ಹೇಳಿದ್ದಾರೆ. ಹೌದು, ಆವೃತ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಅಧಿಕರಣದಲ್ಲಿ, ಅಕ್ಕಿ ಬರುವವರೆಗೆ ಮಾತ್ರ ಬತ್ತವನ್ನು ಕುಟ್ಟುವಂತೆ ಶ್ರವಣಾದಿಗಳ ಆವೃತ್ತಿ ದರ್ಶನದಲ್ಲಿ ಮುಗಿಯುವುದೆಂಬ ದೃಷ್ಟಾಂತವನ್ನೂ ಅವರೇ ಕೊಟ್ಟಿದ್ದಾರೆ. ಅರಿವು ಮೂಡುವವರೆಗೆ ಅರ್ಥವನ್ನು ಮತ್ತೆಮತ್ತೆ ಹೊಕ್ಕುನೋಡುವುದು ಒಂದು. ತಿಳಿದಾದ ಮೇಲೆ ಆ ತಿಳಿವನ್ನೇ ಪ್ರವಾಹವಾಗಿ ಹರಿಸುತ್ತಿರುವುದು ಮತ್ತೊಂದು.

ವ್ಯಾಕರಣವೂ ಇದಕ್ಕೆ ಅನುಕೂಲ. ‘ನಿ’ ಪೂರ್ವಕವಾದ ಧ್ಯೈ ಧಾತುವಿಗೆ ಇಚ್ಛಾರ್ಥದ ಸನ್ ಪ್ರತ್ಯಯ ಸೇರಿ ದ್ವಿತ್ವವಾಗಿ ಈ ರೂಪ ಸಿದ್ಧಿಸುತ್ತದೆ. (ದ್ವಿತ್ವದ ಮೊದಲ ಅಕ್ಷರದಲ್ಲಿ ಮಹಾಪ್ರಾಣ ಉಳಿಯುವುದಿಲ್ಲವಾದ್ದರಿಂದ ಅದು ‘ದಿ’. ‘ನಿಧಿಧ್ಯಾಸನ’ವೆಂದು ಅಚ್ಚುಹಾಕಿಸುವವರು ಯಾವ ನಿಧಿಯನ್ನು ಹುಡುಕುತ್ತಿರುವರೋ ತಿಳಿಯದು.) ಅಮರಸಿಂಹನು ‘ನಿಧ್ಯಾನ’ವನ್ನು ಸೇರಿಸಿರುವುದು ನಿರ್ವರ್ಣನ, ದರ್ಶನ, ಆಲೋಕನ, ಈಕ್ಷಣಗಳ ಜೊತೆಗೆ, ಅಂದರೆ ನೋಡುವುದರ ಪರ್ಯಾಯಗಳಲ್ಲಿ. ಆದಕಾರಣ, ಹೊಕ್ಕು ಕಾಣಬೇಕೆಂಬ ಇಚ್ಛೆಯಿಂದ ಕೂಡಿದ ವಿಚಾರವೆಂಬುದು ಶಬ್ದಕ್ಕೆ ಸಹಜವಾಗಿ ಒದಗುವ ಅರ್ಥ.

ಹಾಗಾದರೆ ಧ್ಯಾನಾರ್ಥ ಎಲ್ಲಿಂದ ಬಂದಿತು? ಶ್ರೀಭಾಷ್ಯಕಾರರು ಧ್ಯಾನವೇ ವಿಧೇಯ, ಶ್ರವಣಮನನಗಳು ಅನುವಾದವೆಂದದ್ದು ಅವರ ಸಿದ್ಧಾಂತಕ್ಕೆ ಅನುಗುಣವಾಗಿಯೇ ಇದೆ, ಅದರಲ್ಲಿ ಅಸಂಗತಿಯಿಲ್ಲ. ಅದ್ವೈತದೊಳಗೆ ಮಾತ್ರ, ಶಾಬ್ದಜ್ಞಾನ ಪರೋಕ್ಷವೆಂದೂ ಸಾಕ್ಷಾತ್ಕಾರಕ್ಕೆ ಉಪಾಸನೆ ಬೇಕೆಂದೂ ವಾದಿಸಿದ ಮಂಡನಮಿಶ್ರರಿಂದ ವಾಚಸ್ಪತಿಯ ಮೂಲಕ ಇದು ಹರಿದುಬಂದಿರಬೇಕೆಂದು ನನಗೆ ತೋರುತ್ತದೆ. 1937ರಲ್ಲಿ ಮದರಾಸಿನಲ್ಲಿ ಬ್ರಹ್ಮಸಿದ್ಧಿ ಅಚ್ಚಾದ ಮೇಲೆ ಈ ವಂಶಾವಳಿಯನ್ನು ಗುರುತಿಸುವುದು ಕಷ್ಟವಲ್ಲ. ಮೈಸೂರಿನ ಹಿರಿಯಣ್ಣನವರಾದರೋ ಅದಕ್ಕೂ ಮೊದಲೇ ಮಂಡನ ಸುರೇಶ್ವರರು ಭಿನ್ನರೆಂದು ತೋರಿಸಿದ್ದರು. ಅವರು 1925ರಲ್ಲಿ ಸಂಪಾದಿಸಿದ ನೈಷ್ಕರ್ಮ್ಯಸಿದ್ಧಿಯ ಮೂರನೆಯ ಅಧ್ಯಾಯವನ್ನು, ಪ್ರಸಂಖ್ಯಾನವಾದದ ಖಂಡನೆ ಅಲ್ಲಿರುವುದರಿಂದ, ನಮ್ಮ ಲಕ್ಷಣಕಾರರು ಒಮ್ಮೆಯಾದರೂ ಓದಬೇಕು. ಅಲ್ಲಿಯವರೆಗೆ ಕನ್ನಡದ ಕೋಶಗಳಲ್ಲಿ ಈ ಶಬ್ದಕ್ಕೆ ‘ಅರ್ಥನಿಶ್ಚಯಕ್ಕಾಗಿ ಮಾಡುವ ಗಾಢವಿಚಾರ’ವೆಂದು ಮೊದಲು ಬರೆದು, ‘ಧ್ಯಾನ’ವನ್ನು ಅರ್ವಾಚೀನ ಪ್ರಯೋಗವೆಂಬ ಸೂಚನೆಯೊಡನೆ ಎರಡನೆಯದಾಗಿ ಕೊಡುವುದು ಯುಕ್ತ.