ಮೂರನೆಯವನು ಯಾರು?

ಕೆಂಗೇರಿಯಲ್ಲಿ ವಾಸಿಸುವ ನನಗೆ ಮೈಸೂರು ರಸ್ತೆ ದಿನನಿತ್ಯದ ನೋಟ. ಅಲ್ಲಿ ಓಡುವ ಲಾರಿ, ಕಾರು, ಸ್ಕೂಟರುಗಳ ವಿಮಾಪತ್ರಗಳಲ್ಲಿ ಹೆಸರಿಲ್ಲದ ಒಬ್ಬ ವ್ಯಕ್ತಿಯ ಪ್ರಸ್ತಾಪ ಬರುತ್ತದೆ. ಒಡೆಯ ಮೊದಲನೆಯವನು, ವಿಮಾ ಸಂಸ್ಥೆ ಎರಡನೆಯದು, ರಸ್ತೆ ದಾಟುತ್ತಿರುವ ಅಪರಿಚಿತ ಮೂರನೆಯವನು. ಮೋಟಾರು ವಿಮೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಅಪರಿಚಿತನ ಚರಿತ್ರೆಯೇ.

ಮೊದಮೊದಲು ವಿಮೆಯೆಂಬುದು ಒಡೆಯನ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡವನು ಸಿವಿಲ್ ನ್ಯಾಯಾಲಯದಲ್ಲಿ ಗೆದ್ದರೂ, ಒಡೆಯನ ಕೈ ಬರಿದಾಗಿದ್ದರೆ ಡಿಕ್ರಿ ಬರಿಯ ಕಾಗದವಾಗಿ ಉಳಿಯುತ್ತಿತ್ತು. ಇಂಗ್ಲೆಂಡು 1930ರ ಶಾಸನದಿಂದ ಮೂರನೆಯವನ ಸಲುವಾಗಿ ವಿಮೆಯನ್ನು ಕಡ್ಡಾಯ ಮಾಡಿತು. ನಮ್ಮ 1939ರ ಮೋಟಾರು ವಾಹನ ಕಾಯಿದೆಯಲ್ಲೂ ಅಂಥದೇ ಅಧ್ಯಾಯವೊಂದು ಸೇರಿತು; ಆದರೆ ಅದು ಜಾರಿಗೆ ಬಂದದ್ದು 1946ರ ಜುಲೈ 1ರಂದು! ಏಳು ವರ್ಷ ಕಾಯಲು ಪಾದಚಾರಿಗೆ ಯಾರೂ ಹೇಳಿರಲಿಲ್ಲ. 1956ರ ತಿದ್ದುಪಡಿ ಪ್ರತ್ಯೇಕ ಪರಿಹಾರ ನ್ಯಾಯಮಂಡಲಿಗಳಿಗೆ ದಾರಿ ಮಾಡಿತು. 1982ರಲ್ಲಿ, ತಪ್ಪು ಯಾರದೆಂದು ಸಾಧಿಸದೆಯೇ, ಸತ್ತವನ ಕುಟುಂಬಕ್ಕೆ 15,000 ರೂಪಾಯಿ ಸಲ್ಲಬೇಕೆಂದಾಯಿತು. 2022ರ ಏಪ್ರಿಲ್‌ನಿಂದ ಆ ಮೊತ್ತ 5 ಲಕ್ಷ.

ಹಾಗಾದರೆ ಸ್ಕೂಟರಿನ ಹಿಂದೆ ಕುಳಿತ ಹೆಂಡತಿ ಮೂರನೆಯವಳೇ? ಬಹುಮಂದಿ ಹೌದೆಂದೇ ನಂಬಿದ್ದಾರೆ. ಕಾಯಿದೆ ಕಡ್ಡಾಯಗೊಳಿಸಿದಷ್ಟನ್ನೇ ಕೊಂಡ ಪಾಲಿಸಿ ಹಿಂಬದಿಯ ಸವಾರರನ್ನು ಒಳಗೊಳ್ಳುವುದಿಲ್ಲವೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ದಾರಿಹೋಕನಿಗೆ ಸಿಗುವ ರಕ್ಷಣೆ ಬೆನ್ನಿಗೆ ಆತು ಕುಳಿತವಳಿಗಿಲ್ಲ. ಈ ತರ್ಕ ನನಗೆ ಇಂದಿಗೂ ಒಗ್ಗಿಲ್ಲ. ಸಮಗ್ರ ಪಾಲಿಸಿಯಲ್ಲಿ ಆಕೆಯೂ ಸೇರುತ್ತಾಳೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿತು. ಡಿಕ್ಕಿ, ಬೆಂಕಿ, ಕಳವು, ನೆರೆಗಳಿಂದ ಸ್ವಂತ ವಾಹನಕ್ಕಾಗುವ ನಷ್ಟವನ್ನು ತುಂಬಿಕೊಡುವುದೂ ಈ ಪಾಲಿಸಿಯೇ. ವೃಷಭಾವತಿ ಉಕ್ಕಿ ರಸ್ತೆಗೆ ಬಂದ ದಿನ ಕಾರಿನ ಒಡೆಯರಿಗೆ ಇದರ ಬೆಲೆ ತಿಳಿಯುತ್ತದೆ. ಆದರೂ ಕಂತು ಅಗ್ಗವೆಂದು ಕಡ್ಡಾಯದಷ್ಟನ್ನೇ ಕೊಳ್ಳುವವರೇನೂ ಕಡಿಮೆಯಿಲ್ಲ.

ಇನ್ನು ನಮ್ಮೂರಿನ ಕೆಂಪು ಬಸ್ಸುಗಳ ವಿಚಾರ. ಕೆಂಗೇರಿಯಲ್ಲಿ ರಾಜ್ಯ ಸಾರಿಗೆ ನಿಗಮದ ದೊಡ್ಡ ಕಾರ್ಯಾಗಾರವಿದೆ. ಸರ್ಕಾರಿ ಸಾರಿಗೆ ಸಂಸ್ಥೆಗಳು ತಮ್ಮದೇ ನಿಧಿಯನ್ನು ಇರಿಸಿಕೊಂಡರೆ ವಿಮೆಯಿಂದ ವಿನಾಯಿತಿ ಪಡೆಯಬಹುದೆಂದು ಕಾಯಿದೆ ಹೇಳುತ್ತದೆ. ಅಂಥ ಬಸ್ಸು ಯಾರಿಗಾದರೂ ಬಡಿದರೆ ಮೊದಲನೆಯವನೂ ಎರಡನೆಯವನೂ ಒಬ್ಬನೇ. ಪರಿಹಾರ ತಡವಾದಾಗ ನ್ಯಾಯಾಲಯದ ಅಮೀನ ಬಂದು ಬಸ್ಸನ್ನೇ ಜಪ್ತಿ ಮಾಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಪ್ರಯಾಣಿಕರು ಗೊಣಗುತ್ತ ಬೇರೆ ಬಸ್ಸು ಹಿಡಿಯುತ್ತಾರೆ. ನ್ಯಾಯಾಲಯದ ಆವರಣದಲ್ಲಿ ನಿಂತ ಬಸ್ಸು ಮೂರನೆಯವನ ಹಣ ಬರುವವರೆಗೆ ಅಲ್ಲಿಂದ ಕದಲುವಂತಿಲ್ಲ.