ಬಂಟ್ವಾಳದ ಹಳೆಯ ಪೇಟೆ: ವಾಸದ ಅನುಕೂಲ, ಪ್ರತಿಕೂಲಗಳು

ತುಳುನಾಡಿನಲ್ಲಿ ಮನೆಗೆ ಮನೆ ತಾಗಿ ನಿಂತ ಬೀದಿಗಳು ವಿರಳ. ಬೆಳ್ತಂಗಡಿಯ ಕಡೆಯ ಗ್ರಾಮಗಳಲ್ಲಿ ಮನೆಗಳು ತಮ್ಮ ತಮ್ಮ ಗದ್ದೆ, ತೋಟಗಳ ನಡುವೆ ಬಿಡಿಬಿಡಿಯಾಗಿಯೇ ಇರುತ್ತವೆ. ಆದುದರಿಂದ ಬಂಟ್ವಾಳದ ಹಳೆಯ ಪೇಟೆಯವರು ಈ ರೂಢಿಯನ್ನು ಬಿಟ್ಟು ನೇತ್ರಾವತಿಯ ದಡದಲ್ಲಿ ಇಕ್ಕಟ್ಟಾಗಿ ನೆಲೆಸಿದುದೇಕೆಂಬುದು ವಿಚಾರಾರ್ಹವಾಗಿದೆ.

ಕಾರಣ ಹೊಳೆಯೇ. ಮಂಗಳೂರಿನ ದೋಣಿಗಳು ಇಲ್ಲಿಯವರೆಗೆ ಬರುತ್ತಿದ್ದವು. ಘಟ್ಟದ ಮೇಲಿನ ಸರಕು ಇಲ್ಲಿ ದೋಣಿಯನ್ನು ಸೇರುತ್ತಿತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನೂ ಬಂಟ್ವಾಳವನ್ನು ಹಾದುಹೋದನು. ಬೀದಿಯ ಕಡೆಗೆ ಅಂಗಡಿ, ಒಳಗೆ ಸಂಸಾರ, ಮೇಲೆ ಹೆಚ್ಚೆಂದರೆ ಒಂದು ತಗ್ಗಾದ ಉಪ್ಪರಿಗೆ, ಹಿತ್ತಲಿನಾಚೆ ಹೊಳೆ. ವರ್ತಕನಿಗೆ ಇದಕ್ಕಿಂತ ಅನುಕೂಲವಾದ ಮನೆ ದೊರೆಯುವುದು ಕಷ್ಟ. ಜಗಲಿಗೆ ಜಗಲಿ ತಾಗಿದ್ದುದರಿಂದ ಪಕ್ಕದವರ ಕಣ್ಣೇ ಕಾವಲು. (ಮನೆಯ ಗುಟ್ಟು ಮಾತ್ರ ಉಳಿಯುತ್ತಿರಲಿಲ್ಲವೆಂದು ನಾವು ಊಹಿಸಬಹುದು.)

ಆದರೆ 1923ರ ಆಗಸ್ಟಿನಲ್ಲಿ ಅದೇ ಹೊಳೆ ಪೇಟೆಯನ್ನು ಮುಳುಗಿಸಿತು. ಜನರು ಅದನ್ನು ‘ಮಾರಿ ಬೊಳ್ಳ’ವೆಂದು ಕರೆದರು. 1974ರಲ್ಲಿ ನೆರೆ ಮರಳಿ ಬಂದಿತು.

ಮೂಡುಬಿದಿರೆಯ ಜೈನಪೇಟೆಯಲ್ಲಿಯೂ ಮನೆಗಳು ಒತ್ತಾಗಿಯೇ ಇವೆ. ಆದರೆ ಅಲ್ಲಿಯ ಬೀದಿಗೆ ಆಧಾರ ಬಸದಿಗಳು. 1430ರಲ್ಲಿ ಕಟ್ಟತೊಡಗಿದ ಸಾವಿರ ಕಂಬದ ಬಸದಿ ತನ್ನ ಸ್ಥಳದಲ್ಲಿಯೇ ಇದೆ. ಬಂಟ್ವಾಳದ ಆಧಾರವಾದರೋ ವ್ಯಾಪಾರ, ಅದು ಕದಲಬಲ್ಲದು. ಸರಕು ದೋಣಿಯಿಂದ ಲಾರಿಗೆ ಏರಿದಂತೆ ವಹಿವಾಟೂ ಹೆದ್ದಾರಿಯ ಬಿ.ಸಿ. ರೋಡಿಗೆ ಸರಿಯಿತು. ಹೊಳೆಯ ಸಾಮೀಪ್ಯದಿಂದ ದೊರೆಯುತ್ತಿದ್ದ ಲಾಭ ಹೀಗೆ ಪೇಟೆಯನ್ನು ಬಿಟ್ಟುಹೋಯಿತು. 2019ರ ಆಗಸ್ಟಿನ ಮಳೆಯಲ್ಲಿ ನೀರು ಮಾತ್ರ ಬಂಟ್ವಾಳದ ತಗ್ಗಿನ ಮನೆಗಳಿಗೆ ಮತ್ತೆ ನುಗ್ಗಿತು.