ಸೀಟು ಮತ್ತು ಕೆಲಸ: ಕರ್ನಾಟಕದ ತಾಂತ್ರಿಕ ಶಿಕ್ಷಣ ವಿಸ್ತರಣೆಯ ಒಂದು ಚರಿತ್ರೆ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಎರಡರ ಹಿಂದೆಯೂ ಇದ್ದವರು ದಿವಾನ್ ವಿಶ್ವೇಶ್ವರಯ್ಯ. ಕಾಲೇಜು ಕಟ್ಟಿದ್ದು ಸರ್ಕಾರ, ಓದಿ ಹೊರಬಂದವರಿಗೆ ಕೆಲಸ ಕೊಡಬೇಕಾದದ್ದೂ ಬಹುಮಟ್ಟಿಗೆ ಅದೇ ಸರ್ಕಾರ. ಕನ್ನಂಬಾಡಿ ಕಟ್ಟೆ ಏಳುತ್ತಿತ್ತು, ಶಿವನಸಮುದ್ರದ ವಿದ್ಯುತ್ತು ಆಗಲೇ ಹರಿಯುತ್ತಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸಿದ್ಧವಾಗುತ್ತಿತ್ತು. ಎಷ್ಟು ಎಂಜಿನಿಯರುಗಳು ಬೇಕೆಂಬ ಅಂದಾಜು ದಿವಾನರ ಕಚೇರಿಯಲ್ಲೇ ಸಿಗುವಂತಿತ್ತು.

ಪದವಿಗೂ ಉದ್ಯೋಗಕ್ಕೂ ಇಷ್ಟು ಹತ್ತಿರದ ನಂಟು ಆಮೇಲೆ ಉಳಿಯಲಿಲ್ಲ. ಸೀಟುಗಳು ಹೆಚ್ಚುತ್ತ ಹೋದದ್ದು ಪೋಷಕರ ಆಸೆ ಮತ್ತು ಸರ್ಕಾರದ ಪರವಾನಗಿಯ ಬಲದಿಂದ. ಕೆಲಸಕ್ಕೆ ಬೇಕಾದುದನ್ನು ಕಲಿಸುವ ಹೊಣೆ ಮತ್ತೆ ಮತ್ತೆ ಬಿದ್ದದ್ದು ಕೆಲಸ ಕೊಟ್ಟವರ ಮೇಲೆ. ಈ ಲೇಖನದ ವಾದ ಇಷ್ಟು.

ಹಳೆಯ ಮೈಸೂರಿನಲ್ಲೂ ಉದ್ಯೋಗದ ಚರ್ಚೆ ನಡೆದದ್ದು ಪಠ್ಯದ ಬಗ್ಗೆ ಅಲ್ಲ, ಪಾಲಿನ ಬಗ್ಗೆ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿಯನ್ನು ಆಧರಿಸಿ 1921ರಲ್ಲಿ ಆದೇಶ ಹೊರಟಿತು: ಏಳು ವರ್ಷದೊಳಗೆ ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳ ಪಾಲು ಅರ್ಧಕ್ಕೆ ಕಡಿಮೆಯಿರಬಾರದು. ಪದವಿ ಎಂದರೆ ಸರ್ಕಾರಿ ನೌಕರಿಯ ರಹದಾರಿ ಎಂಬುದನ್ನು ಆ ಗಲಾಟೆಯಲ್ಲಿ ಪಾಲು ಕೇಳಿದವರೂ ಅದನ್ನು ವಿರೋಧಿಸಿದವರೂ ಒಪ್ಪಿಕೊಂಡೇ ವಾದಿಸಿದ್ದರು.

1946ರಲ್ಲಿ ಬೆಂಗಳೂರಿನಲ್ಲಿ ಬಿ.ಎಂ.ಎಸ್. ಕಾಲೇಜು ತೆರೆಯಿತು. ದೇಶದ ಮೊದಮೊದಲ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲೊಂದು ಅದು. ಅದೇ ವರ್ಷ ಮೈಸೂರಿನಲ್ಲಿ ಎನ್‌.ಐ.ಇ. ಎಂಜಿನಿಯರಿಂಗ್ ಕಾಲೇಜು ಬಂತು. ಜೊತೆಜೊತೆಗೇ ಬೆಂಗಳೂರು ಕಾರ್ಖಾನೆಗಳ ಊರಾಯಿತು: ಎಚ್‌ಎಎಲ್ 1940, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಇಲ್ಲಿ ಬೇಡಿಕೆ ಇತ್ತು, ನಿಜ. ಆದರೆ ಎಚ್‌ಎಂಟಿ, ಎಚ್‌ಎಎಲ್‌ಗಳು ಕಾಲೇಜಿನ ಸರ್ಟಿಫಿಕೇಟನ್ನಷ್ಟೇ ನಂಬಿ ಕೂರದೆ ತಮ್ಮದೇ ತರಬೇತಿ ಕೇಂದ್ರಗಳನ್ನು ನಡೆಸಿದವು. 1961ರ ಅಪ್ರೆಂಟಿಸ್ ಕಾಯ್ದೆ ಆರಂಭದಲ್ಲಿ ಕುಶಲಕರ್ಮಿಗಳಿಗೆ ಮೀಸಲಾಗಿತ್ತು. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಅದರೊಳಗೆ ತಂದಿತು. ನಾಲ್ಕೈದು ವರ್ಷ ಕಾಲೇಜಿನಲ್ಲಿ ಕೂತವನನ್ನು ಮತ್ತೆ ಒಂದು ವರ್ಷ ಶಾಪ್‌ಫ್ಲೋರಿಗೆ ಕಳಿಸಬೇಕೆಂದು ಕಾನೂನೇ ಹೇಳಿದಂತಾಯಿತು.

ಅಷ್ಟರಲ್ಲಿ ದೆಹಲಿಯಲ್ಲಿ ಲೆಕ್ಕ ತಪ್ಪಿತ್ತು. ಶಿಕ್ಷಣದ ವಿಸ್ತರಣೆ ಮಾನವ ಸಂಪನ್ಮೂಲದ ಅಗತ್ಯಕ್ಕೆ ಹೊಂದಿಕೊಳ್ಳಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. ಆದರೆ ಅದೇ ದಶಕದ ಕೊನೆಯಲ್ಲಿ ಎಂಜಿನಿಯರುಗಳೇ ನಿರುದ್ಯೋಗಿಗಳಾಗಿ, ಕಾಲೇಜುಗಳ ಪ್ರವೇಶಸಂಖ್ಯೆಗೆ ಕತ್ತರಿ ಬಿತ್ತು. 1969ರಲ್ಲಿ ಬ್ಲಾಗ್, ಲೇಯರ್ಡ್ ಮತ್ತು ವುಡ್‌ಹಾಲ್ ಭಾರತದ ಪದವೀಧರ ನಿರುದ್ಯೋಗದ ಬಗ್ಗೆ ಬರೆದ ಪುಸ್ತಕ ಕೊಟ್ಟ ವಿವರಣೆ ನನಗೆ ಇಂದಿಗೂ ಒಪ್ಪಿಗೆಯಾಗುತ್ತದೆ. ಓದಿನ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಹೊರುತ್ತದೆ. ಹೀಗಾಗಿ ಕೆಲಸಕ್ಕಾಗಿ ಒಂದಷ್ಟು ಕಾಲ ಕಾದರೂ ಪದವಿ ಪಡೆದವನಿಗೆ ಅದು ಲಾಭವೇ. ನಿರುದ್ಯೋಗದ ಸುದ್ದಿ ಕೇಳಿ ಯಾರೂ ಕಾಲೇಜಿನ ಅರ್ಜಿ ಹರಿದುಹಾಕುವುದಿಲ್ಲ.

ಸರ್ಕಾರ ಭರಿಸದ ಸೀಟಿಗೂ ಜನ ಮುಗಿಬಿದ್ದದ್ದು ಕರ್ನಾಟಕದ ವಿಶೇಷ. ಇಲ್ಲಿ ಡೊನೇಶನ್ ಎಂಬುದು ಮನೆಮಾತಾಯಿತು. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲಿ ಬಂತು. ಬಾಗಿಲು ಮುಚ್ಚಿತೇ? 1989ರ ಜೂನ್‌ನಲ್ಲಿ ಸರ್ಕಾರವೇ ಹೊರಡಿಸಿದ ಅಧಿಸೂಚನೆಯ ವೈದ್ಯಕೀಯ ಶುಲ್ಕವನ್ನು ನೋಡಿ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಈ ಅರವತ್ತು ಸಾವಿರವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣ 1992ರಲ್ಲಿ ತೀರ್ಪಾಯಿತು, ಮರುವರ್ಷ ಸೀಟು ಹಂಚಿಕೆ ಮತ್ತು ಶುಲ್ಕದ ಬಗ್ಗೆ ಉನ್ನಿಕೃಷ್ಣನ್ ತೀರ್ಪು, ಆ ಬಳಿಕ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. ವ್ಯವಹಾರ ಪಾರದರ್ಶಕವಾಯಿತು, ಇದು ಸಣ್ಣ ಸಾಧನೆಯೇನಲ್ಲ. ಆದರೆ ಈ ವ್ಯಾಜ್ಯಗಳೆಲ್ಲ ಸೀಟು ಯಾರಿಗೆ, ಎಷ್ಟಕ್ಕೆ ಎಂಬುದರ ಸುತ್ತ ನಡೆದವು. ಅಷ್ಟು ಸೀಟು ಏಕೆ ಎಂದು ಕೇಳುವ ಜಾಗ ನ್ಯಾಯಾಲಯವಲ್ಲ, ಬೇರೆಡೆಯೂ ಆ ಪ್ರಶ್ನೆಗೆ ಜೋರು ದನಿ ಸಿಗಲಿಲ್ಲ.

ಉತ್ತರ ಕೊಟ್ಟದ್ದು ಸಾಫ್ಟ್‌ವೇರ್. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾಗಿ ಚದುರಿದ್ದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಸೇರುವ ಹೊತ್ತಿಗೆ ಕ್ಯಾಂಪಸ್ ಸೆಲೆಕ್ಷನ್ ಎಂಬ ಹೊಸ ಹಬ್ಬ ಶುರುವಾಗಿತ್ತು. ಸಿವಿಲ್ ಓದಿದವನೂ ಮೆಕ್ಯಾನಿಕಲ್ ಓದಿದವಳೂ ಅದೇ ಆಪ್ಟಿಟ್ಯೂಡ್ ಟೆಸ್ಟಿಗೆ ಕೂತರು, ಗೆದ್ದವರು ಅದೇ ಕೋಡಿಂಗ್ ಕೆಲಸಕ್ಕೆ ಹೋದರು. ಇನ್ಫೋಸಿಸ್ ಮೈಸೂರಿನಲ್ಲಿ ಸಾವಿರಾರು ಹೊಸಬರನ್ನು ಹಾಸ್ಟೆಲಿನಲ್ಲಿಟ್ಟು ತಿಂಗಳುಗಟ್ಟಲೆ ಪಾಠ ಹೇಳಿ ಪರೀಕ್ಷೆ ನಡೆಸುವ ವಿಶಾಲ ತರಬೇತಿ ಆವರಣವನ್ನೇ ಕಟ್ಟಿತು. ಹೆಸರೊಂದನ್ನು ಬಿಟ್ಟರೆ ಅದು ಇನ್ನೊಂದು ಕಾಲೇಜು. ಬಿ.ಇ. ಪದವಿಯಿಂದ ಕಂಪನಿಗೆ ಸಿಕ್ಕದ್ದು ವಿಷಯಜ್ಞಾನಕ್ಕಿಂತ ಹೆಚ್ಚಾಗಿ, ಸೋಸಿ ಕೊಟ್ಟ ಜಾಣ ಹುಡುಗರ ಪಟ್ಟಿ. ಎಚ್‌ಎಂಟಿ ಕಾಲದ ಏರ್ಪಾಡೇ ಹವಾನಿಯಂತ್ರಿತ ರೂಪದಲ್ಲಿ ಮರಳಿತ್ತು.

ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಬಹುಸಂಖ್ಯಾತರಿಗೆ ಈ ಎರಡನೆಯ ಕಾಲೇಜು ಸಿಕ್ಕಿದ್ದು ಅಪರೂಪ. 2022-23ರ ಕಾರ್ಮಿಕಬಲ ಸಮೀಕ್ಷೆಯಲ್ಲಿ ದೇಶದ ಒಟ್ಟು ನಿರುದ್ಯೋಗ ಶೇ 3.2, ಪದವೀಧರರದು ಶೇ 13.4. ಓದಿಲ್ಲದವರಿಗೆ ಕೆಲಸ ಸುಲಭವಾಗಿ ಸಿಗುತ್ತದೆಂದು ಇದರ ಅರ್ಥವಲ್ಲ. ಕಾದು ಕೂರುವ ಅನುಕೂಲ ಅವರಿಗಿಲ್ಲ. ಕಾಯುವವರಿಗಾಗಿ ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಕೊಟ್ಟಿತು: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕೆಂಬುದು ಷರತ್ತು. 1969ರ ಪುಸ್ತಕ ವಿವರಿಸಿದ್ದ ಆ ಕಾಯುವಿಕೆ ಹೀಗೆ ಆಡಳಿತದ ಅರ್ಜಿ ನಮೂನೆಯೊಳಗೆ ಬಂದು, ಬಜೆಟ್ಟಿನಲ್ಲಿ ಒಂದು ಬಾಬ್ತಾಯಿತು.